ಈಶ್ವರಯ್ಯನವರು ಇಂಜಿನ್ ಆರಿಸಿದ್ದು

ನಮ್ಮ ಮನೆಯವರು ಬೆಂಡೆಕಾಯಿ ಕೊಳ್ಳುವುದನ್ನು ಒಮ್ಮೆ ನೋಡಿದವರಿಗೆ ಅವರ ಚರಿತ್ರೆಯನ್ನು ಬೇರೆ ಹೇಳಬೇಕಾಗಿಲ್ಲ. ಭೀಮುನಿಪಟ್ಟಣದ ಮಾರುಕಟ್ಟೆಯಲ್ಲಿ ಗೋಣಿಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದರ ತುದಿ ಮುರಿದು ನೋಡುತ್ತಾರೆ. ಟಕ್ಕೆಂದು ಮುರಿದರೆ ಎಳೆಯದು ಎಂದು ಅರ್ಥ. ಆದರೂ ತಟ್ಟೆಗೆ ಹಾಕುವುದಿಲ್ಲ, ಅದಕ್ಕಿಂತ ಎಳೆಯದು ಚೀಲದ ಅಡಿಯಲ್ಲಿ ಇರಬಹುದಲ್ಲ. ಕಾಲು ಕಿಲೋ ಕಾಯಿಗೆ ಅರ್ಧ ಚೀಲದ ತುದಿ ಮುರಿದು ಎದ್ದು ಬರುತ್ತಾರೆ. ತರಕಾರಿ ಮಾರುವ ಅನ್ನಪೂರ್ಣಮ್ಮ ಈಗೀಗ ಇವರು ದೂರದಲ್ಲಿ ಕಂಡರೆ ಸಾಕು, ಬೆಂಡೆಕಾಯಿ ಮೇಲೆ ಒದ್ದೆ ಗೋಣಿ ಎಳೆದು, "ಅಯಿಪೋಯಾಯಂಡಿ" ಎನ್ನುತ್ತಾಳೆ, ಮುಗಿದುಹೋಯಿತು ಅಂತ. ನಾನು ಹೋದರೆ ಗೋಣಿ ತೆಗೆಯುತ್ತಾಳೆ.

ಇವರ ಹೆಸರು ಈಶ್ವರಯ್ಯ. ನಾನು ಶಾರದಾ, ತಿಪಟೂರಿನವಳು. ಒಂದು ಸರ್ಕಾರಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಇವರು ಕೂದಲು ಹಣ್ಣಾಗುವವರೆಗೆ ಕೂತಿದ್ದರು. ಪೆನ್ಸಿಲ್ ಬೇಕೆಂದರೂ ಮೂರು ಕಡೆ ದರ ಕೇಳಿ, ಮೂರೂ ಸರಿಯಿಲ್ಲ ಎಂದು ಬರೆದು, ಮತ್ತೆ ಮೂರು ಕಡೆ ಕೇಳುವ ಕೆಲಸ. ಬೇರೆಯವರಿಗೆ ಅದು ಹೊಟ್ಟೆಪಾಡು, ಇವರಿಗೆ ಭೋಗ. ಮನೆಯಲ್ಲೂ ಅದೇ. ಹಜಾರದ ಫ್ಯಾನು ಕೆಟ್ಟಾಗ ಎರಡು ಬೇಸಿಗೆಯನ್ನು ಬೀಸಣಿಗೆಯಲ್ಲಿ ಕಳೆದೆವು, ಯಾವ ಫ್ಯಾನು ಒಳ್ಳೆಯದೆಂದು ತೀರ್ಮಾನ ಆಗಿರಲಿಲ್ಲ. ಮಗಳು ಸಾಯಿಪ್ರಿಯಾ, "ಅಪ್ಪ ಗಂಡು ಆರಿಸಲಿ ಅಂತ ಕಾದ್ರೆ ನನಗೂ ಕೂದಲು ಹಣ್ಣಾಗುತ್ತೆ" ಎಂದು ಹೈದರಾಬಾದಿನಲ್ಲಿ ತಾನೇ ಒಬ್ಬನನ್ನು ಒಪ್ಪಿಕೊಂಡು ಫೋನ್ ಮಾಡಿದಳು. ಇವರು ಅತ್ತರು. ಮಗಳು ಕೇಳದೆ ಮಾಡಿಕೊಂಡಳೆಂದಲ್ಲ, ಆರಿಸುವ ಸುಖ ತಪ್ಪಿತೆಂದು. ನನ್ನನ್ನು ಇವರು ಹೇಗೆ ಆರಿಸಿದರು ಎಂದು ಕೇಳಬೇಡಿ. ನನ್ನನ್ನು ನೋಡಿ ಒಪ್ಪಿದವರು ನಮ್ಮ ಮಾವ.

ಮಾವ ಎಲ್ಲವನ್ನೂ ಥಟ್ಟನೆ ತೀರ್ಮಾನಿಸುವ ಮನುಷ್ಯ. ಶಿರಾ ಕಡೆಯಿಂದ ವಿಶಾಖಪಟ್ಟಣದ ಬಂದರಿಗೆ ಕೆಲಸಕ್ಕೆ ಬಂದರು, ವಿಜಯನಗರಂನ ತೆಲುಗು ಹುಡುಗಿಯನ್ನು ಮೆಚ್ಚಿ ಮದುವೆಯಾದರು, ಭೀಮುನಿಪಟ್ಟಣದಲ್ಲಿ ಮನೆ ಕಟ್ಟಿದರು. ಊರಿಗೆ ಹಿಂತಿರುಗುತ್ತಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನಿಂದ ಎಂ.ಜಿ.ಎ. ಎಂಬ ಕಾರು ಕೊಂಡರು. ಎರಡೇ ಸೀಟು, ತಲೆ ಮೇಲೆ ಸೂರಿಲ್ಲ, ನೆಲಕ್ಕೆ ಅಂಟಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ಅದರಲ್ಲಿ ಕೂತರೆ ನಮ್ಮ ಮನೆಯವರಿಗೆ ವಾಂತಿ ಬರುತ್ತಿತ್ತು. ಹುಚ್ಚು ಹತ್ತಿದ್ದು ಇವರ ತಂಗಿ ದುರ್ಗಾಭವಾನಿಗೆ. ಲಂಗ ದಾವಣಿ ಉಡುವ ವಯಸ್ಸಿಗೆ ಅಪ್ಪನ ಪಕ್ಕ ಕೂತು ಗೇರು ಹಾಕುವುದು ಕಲಿತು, ಕಾಲೇಜಿಗೆ ಬರುವ ಹೊತ್ತಿಗೆ ಅಪ್ಪನನ್ನೇ ಪಕ್ಕಕ್ಕೆ ಕೂರಿಸಿಕೊಂಡು ಕಡಲ ದಂಡೆಯ ರಸ್ತೆಯಲ್ಲಿ ವಿಶಾಖಪಟ್ಟಣದವರೆಗೆ ಬಿಟ್ಟುಕೊಂಡು ಹೋಗುತ್ತಿದ್ದಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕಣ್ಣಾರೆ ಕಂಡಿದ್ದೇನೆ. ಅವಳ ಜಡೆ ಹಿಂದಕ್ಕೆ ಹಾರುತ್ತಿತ್ತು, ಮಾವ ನಗುತ್ತಿದ್ದರು, ಇವರು ಗೇಟಿನಲ್ಲಿ ನಿಂತು ಬ್ರೇಕು ಸರಿಯಿಲ್ಲ ಎನ್ನುತ್ತಿದ್ದರು.

ಭವಾನಿಯನ್ನು ವಿಜಯವಾಡದ ರೈಲ್ವೆ ನೌಕರರೊಬ್ಬರಿಗೆ ಕೊಟ್ಟರು. ಅವಳ ಮನೆ ಭವಾನಿಪುರಂನಲ್ಲಿ, ಕೃಷ್ಣಾ ನದಿಯ ಹತ್ತಿರ. ಕಾರಿನ ಇಂಜಿನ್ ಸೋತಾಗ ಮಾವ ಅದನ್ನು ಬಿಚ್ಚಿಸಿ ವಿಜಯವಾಡದ ಆಟೋನಗರಕ್ಕೆ ಕಳಿಸಿದರು. ಆಟೋನಗರ ಎಂದರೆ ಬೀದಿ ಬೀದಿಯೂ ಬಿಡಿಭಾಗದ ಅಂಗಡಿ, ವರ್ಕ್‌ಶಾಪು. ಮಗಳ ಕಣ್ಣ ಮುಂದೆ ಕೆಲಸ ಆಗಲಿ ಎಂದು ಅವರ ಆಸೆ. ಇಂಜಿನ್ ರಿಪೇರಿಯಾಗಿ ಅವಳ ಮನೆಗೆ ಬಂತು, ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮಾವ ತೀರಿಕೊಂಡರು. ಹೀಗೆ ಕಾರಿನ ಮೈ ಭೀಮುನಿಪಟ್ಟಣದ ನಮ್ಮ ಶೆಡ್ಡಿನಲ್ಲಿ, ಜೀವ ಅಲ್ಲಿ, ಭವಾನಿಪುರಂನಲ್ಲಿ ಉಳಿಯಿತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಭವಾನಿ ಎಲ್ಲರ ಮುಂದೆ ಹೇಳಿದಳು. "ಮನೆ ಬೇಡ, ಸೈಟು ಬೇಡ. ನಾನ್ನ ಕಾರು ಕೊಡು ಅಣ್ಣಯ್ಯ." ನಾನ್ನ ಎಂದರೆ ಅಪ್ಪ. ಇವರು, "ಯೋಚನೆ ಮಾಡಿ ಹೇಳ್ತೀನಿ" ಎಂದರು. ಒಂದು ವರ್ಷ ಯೋಚಿಸಿ, ಕೊಡುವುದಿಲ್ಲ ಎಂದರು. ಯಾಕೆ ಎಂದು ಕೇಳಿದ್ದಕ್ಕೆ, ಗಂಡುಮಗ ಇರುವಾಗ ಅಪ್ಪನ ಕಾರು ಹೆಣ್ಣುಮಗಳಿಗೆ ಹೋದರೆ ಜನ ಏನೆಂದಾರು ಎಂದರು. ವಾಂತಿ ಮಾಡಿಕೊಳ್ಳುವ ಗಂಡುಮಗ. ಅವಳೂ ಕಡಿಮೆಯವಳಲ್ಲ. "ಹಾಗಾದ್ರೆ ಇಂಜಿನ್ ನನ್ನ ಹತ್ರಾನೇ ಇರ್ಲಿ" ಎಂದು ಫೋನ್ ಇಟ್ಟಳು. ಅಂದಿನಿಂದ ಇವರು ಅವಳಿಗೆ ಗೌರಿ ಹಬ್ಬದ ಬಾಗಿನ ನಿಲ್ಲಿಸಿದರು.

ಈ ಬಾಗಿನದ ವಿಷಯ ಹೇಳಬೇಕು. ಈ ಸೀಮೆಯವರಿಗೆ ವರಲಕ್ಷ್ಮಿ ವ್ರತ ಗೊತ್ತು, ವಿನಾಯಕ ಚವಿತಿ ಗೊತ್ತು, ಹಿಂದಿನ ದಿನದ ಗೌರಿ ಗೊತ್ತಿಲ್ಲ. ಅದು ಮಾವ ಶಿರಾದಿಂದ ತಂದ ಹಬ್ಬ. ಅಂದು ಅಣ್ಣನಾದವನು ತಂಗಿಗೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ಸೀರೆ ಕೊಡಬೇಕು, ತವರಿಗೆ ಕರೆಯಬೇಕು. ಕರೆ ನಿಂತಿತೆಂದರೆ ಹೆಣ್ಣಿಗೆ ತವರು ಮುಚ್ಚಿತೆಂದೇ ಲೆಕ್ಕ. ಭವಾನಿಪುರಂನ ನೆರೆಹೊರೆಯವರಿಗೆ, ಚವಿತಿಯ ಹಿಂದಿನ ದಿನ ಈಕೆ ತಲೆಗೆ ನೀರೆರೆದುಕೊಂಡು ಬಾಗಿಲಲ್ಲಿ ಯಾಕೆ ಕೂರುತ್ತಾಳೆ ಎಂದೇ ತಿಳಿಯದು. ಹದಿನೈದು ವರ್ಷ ಹಾಗೆ ಕೂತಳು.

ಇವರು ನಿವೃತ್ತರಾದರು. ಬೆಂಡೆಕಾಯಿ ಎಷ್ಟು ಹೊತ್ತು ಆರಿಸಬಹುದು ಹೇಳಿ. ಅಷ್ಟರಲ್ಲಿ ವಿಶಾಖಪಟ್ಟಣದ ಹಳೆಯ ಕಾರುಗಳ ಸಂಘದವರು ಡಿಸೆಂಬರಿನಲ್ಲಿ ಕಡಲ ದಂಡೆಯ ಮೇಲೆ ಮೆರವಣಿಗೆ ಮಾಡುತ್ತಾರೆಂದು ಸುದ್ದಿ ಬಂತು. ಇವರ ಕಣ್ಣು ಶೆಡ್ಡಿನ ಕಡೆ ಹೊರಳಿತು.

"ಇಂಜಿನ್ ಭವಾನಿ ಹತ್ರ ಇದೆಯಲ್ರೀ, ಕೇಳಿ" ಎಂದೆ.

"ಅವಳ ಹತ್ರ ಕೈ ಚಾಚೋ ಗತಿ ನನಗೆ ಬಂದಿಲ್ಲ. ಬೇರೆ ಇಂಜಿನ್ ಕಟ್ಟಿಸ್ತೀನಿ" ಎಂದರು.

ಕಟ್ಟಿಸಲು ಸಾಧ್ಯವಿತ್ತು. ನಮ್ಮ ದೇಶದ ಹಳೆಯ ಅಂಬಾಸಿಡರ್ ಕಾರಿನ ಇಂಜಿನ್ನೂ ಈ ಎಂ.ಜಿ.ಎ.ಯದೂ ಒಂದೇ ವಂಶದವು. ಒಳಗಿನ ಸಾಮಾನು ಬಹುಮಟ್ಟಿಗೆ ಅದಕ್ಕೂ ಇದಕ್ಕೂ ಹೊಂದುತ್ತದೆ, ಅಂಬಾಸಿಡರ್ ಸಾಮಾನು ಆಟೋನಗರದಲ್ಲಿ ರಾಶಿ ಬಿದ್ದಿದೆ. ಇದನ್ನು ಹೇಳಿದವನು ಪೆಂಡುರ್ತಿಯ ಮೆಕ್ಯಾನಿಕ್ ರಾಮ್‌ಪ್ರಸಾದ್. ಇವನ ಬಾಯಲ್ಲಿ ಎರಡೇ ಮಾತು, "ಕರೆಕ್ಟ್ ಸಾರ್" ಮತ್ತು "ಸೂಪರ್ ಸಾರ್". ಇವರು, "ಟ್ಯಾಕ್ಸಿ ಸಾಮಾನು ಎಂ.ಜಿ.ಗೆ ಹಾಕೋದು ಅವಮಾನ" ಎಂದರೆ "ಕರೆಕ್ಟ್ ಸಾರ್". "ಆದರೂ ಹೊರಗಿನ ಬ್ಲಾಕ್ ಟ್ಯಾಕ್ಸಿಯದೇ ಇರ್ಲಿ, ಒಳಗಿನದು ಮಾತ್ರ ಇಂಗ್ಲೆಂಡಿನಿಂದ ತರಿಸೋಣ" ಎಂದರೆ "ಸೂಪರ್ ಸಾರ್". ಇಂಥವನು ಸಿಕ್ಕರೆ ಇವರಿಗೆ ಇನ್ನೇನು ಬೇಕು.

ಆಮೇಲಿನ ತಿಂಗಳುಗಳು ನನ್ನ ಕರ್ಮ. ಇಂಗ್ಲೆಂಡಿನಿಂದ ಕೊರಿಯರಿನಲ್ಲಿ ಡಬ್ಬಿಗಳು ಬರತೊಡಗಿದವು. ಪಿಸ್ಟನ್ನು, ಅದಕ್ಕೆ ತೊಡಿಸುವ ರಿಂಗು, ಬೇರಿಂಗು, ವಾಲ್ವು. ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟು ಭೂತಗನ್ನಡಿ ಹಿಡಿದು ನೋಡುವುದು. ನಾವು ನೆಲದ ಮೇಲೆ ಕೂತು ಉಣ್ಣುವುದು. ಬಂದದ್ದರಲ್ಲಿ ಅರ್ಧ ಸರಿಯಿಲ್ಲವೆಂದು ಇನ್ನೊಂದು ಕಂಪನಿಯಿಂದ ತರಿಸುವುದು, ಅದು ಬಂದ ಮೇಲೆ ಮೊದಲಿನದೇ ವಾಸಿ ಅನ್ನುವುದು. "ಶಾರದಾ, ಈ ಎರಡು ಗ್ಯಾಸ್ಕೆಟ್‌ನಲ್ಲಿ ಯಾವುದು ನಿನಗೆ ಹಿಡಿಸ್ತು?" ಎಂದು ನನ್ನನ್ನು ಕೇಳುತ್ತಿದ್ದರು. ಎರಡೂ ಸುಟ್ಟ ಹಪ್ಪಳದಂತೆ ಕಾಣುತ್ತಿದ್ದವು. ಎಡಗಡೆಯದು ಎನ್ನುತ್ತಿದ್ದೆ. ಹಾಗಾದರೆ ಬಲಗಡೆಯದೇ ಸರಿ ಎನ್ನುತ್ತಿದ್ದರು.

ಬ್ಲಾಕ್ ಮಾತ್ರ ಕೊರಿಯರಿನಲ್ಲಿ ಬರುವ ವಸ್ತುವಲ್ಲ. ಅದು ಇಂಜಿನ್ನಿನ ಒಡಲು, ಎರಡಾಳು ಹೊರುವ ಕಬ್ಬಿಣ. ಅದಕ್ಕಾಗಿ ಬೆಳಗಿನ ರೈಲು ಹತ್ತಿ ವಿಜಯವಾಡಕ್ಕೆ ಹೋದೆವು. ಆಟೋನಗರದಲ್ಲಿ ಲಕ್ಷ್ಮೀಪ್ರಸನ್ನ ಆಟೋ ಸ್ಪೇರ್ಸ್ ಎಂಬ ಅಂಗಡಿ, ಮಾಲೀಕ ಸೂರ್ಯಪ್ರಕಾಶ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಮೊದಲರ್ಧ ಗಂಟೆ ಇವರನ್ನು "ರಂಡಿ ಸಾರ್, ಕೂರ್ಚೋಂಡಿ", ಬನ್ನಿ ಕೂತುಕೊಳ್ಳಿ ಎಂದು ಚಹಾ ಕೊಟ್ಟು ಉಪಚರಿಸಿದ. ಇವರು ಅಲ್ಲಿಯೂ ಸುಮ್ಮನಿರದೆ, ಅವನ ಹತ್ತಿರ ಇದ್ದ ಅಂಬಾಸಿಡರ್ ಪಿಸ್ಟನ್ನುಗಳನ್ನು ತೆಗೆಸಿ ಬೆಳಕಿಗೆ ಹಿಡಿದರು.

"ಇದು ಪರವಾಗಿಲ್ಲ, ಇದು ಸ್ವಲ್ಪ ಮಂಕು."

"ಸಾರ್, ಎರಡೂ ಒಂದೇ ಡಬ್ಬಿಯಿಂದ ತೆಗೆದದ್ದು" ಎಂದ ಸೂರ್ಯಪ್ರಕಾಶ.

"ಡಬ್ಬಿ ಒಂದೇ ಇರಬಹುದು, ಗುಣ ಒಂದೇ ಇರಬೇಕಲ್ಲ."

ಸೂರ್ಯಪ್ರಕಾಶ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಇವರಿಗೆ ಸಂಜೆಯವರೆಗೆ ಅಲ್ಲಿ ಬೇಕಾದಷ್ಟು ಕೆಲಸ ಇದೆ ಎಂದು ಗೊತ್ತಾಗಿ, "ಬೆಟ್ಟದ ಮೇಲೆ ದುರ್ಗಮ್ಮನ ದರ್ಶನ ಮಾಡಿ ಬರ್ತೀನಿ" ಎಂದು ಎದ್ದೆ. ಆಟೋ ಹತ್ತಿ ನೇರ ಭವಾನಿಪುರಂಗೆ ಹೋದೆ.

ಭವಾನಿ ನನ್ನನ್ನು ಕಂಡು ಕೈ ಹಿಡಿದುಕೊಂಡು ಒಳಗೆ ಎಳೆದಳು. "ವದಿನಾ, ಒಬ್ರೇ ಬಂದ್ರಾ?" ಎಂದು ನನ್ನ ಹಿಂದೆ ಇಣುಕಿದಳು. ಅತ್ತಿಗೆಯನ್ನು ಅವಳು ತೆಲುಗಿನಲ್ಲಿ ವದಿನ ಎಂದೇ ಕರೆಯುವುದು. ಒಬ್ಬಳೇ ಎಂದೆ. ಮೆಟ್ಟಿಲ ಕೆಳಗೆ ಇಂಜಿನ್ ಇತ್ತು, ಮರದ ಮಣೆ ಮೇಲೆ, ಮಾವನ ಹಳೆಯ ಪಂಚೆ ಹೊದ್ದುಕೊಂಡು. ಮಾವನೇ ಮುಸುಕು ಹಾಕಿ ಕೂತಿದ್ದಾರೋ ಎಂದು ಒಂದು ಕ್ಷಣ ಅನ್ನಿಸಿತು.

"ತುಕ್ಕು ಹಿಡೀಬಾರ್ದು ಅಂತ ಶುಕ್ರವಾರ ಶುಕ್ರವಾರ ಎಣ್ಣೆ ಹಾಕ್ತೀನಿ ವದಿನಾ. ದೀಪ ಹಚ್ಚಿ, ಅದೇ ಕೈಲಿ ನಾಲ್ಕು ತೂತಿಗೂ ಒಂದೊಂದು ಉದ್ಧರಣೆ. ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸ್ತೀನಿ."

"ಯಾವ ಎಣ್ಣೆ?"

"ದೀಪದ್ದೇ. ಎಳ್ಳೆಣ್ಣೆ."

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಇಷ್ಟು ವರ್ಷ ಎಳ್ಳೆಣ್ಣೆ. "ಅಲ್ವೇ, ದೀಪದ ಕಂಬ ತೊಳೆದಿಲ್ವಾ ನೀನು? ಆ ಜಿಡ್ಡು ಉಗುರಲ್ಲಿ ಕೆರೆದರೂ ಬರಲ್ಲ. ಇಂಜಿನ್ ಒಳಗೆ ಅದೇ ಗತಿ ಆಗಿರಲ್ವಾ?"

"ದೇವರಿಗೆ ಆಗೋ ಎಣ್ಣೆ ಇದಕ್ಕೆ ಆಗಲ್ವಾ ಅಂದ್ಕೊಂಡೆ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಈಗೀಗ ತಿರುಗ್ತಾನೂ ಇಲ್ಲ" ಎಂದಳು.

ಕಾರು ಓಡಿಸುವುದು ಬೇರೆ, ಕಾರಿನ ಹೊಟ್ಟೆಯ ವಿಷಯ ತಿಳಿದಿರುವುದು ಬೇರೆ. ಬೈದೆ. ಹಟ ಮಾಡಿ ಇಟ್ಟುಕೊಂಡು ಎಣ್ಣೆ ಸುರಿದು ಹಾಳು ಮಾಡಿದೆಯಲ್ಲ, ಇದರಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳಿದೆ. ಅವಳು ಪಂಚೆ ಸರಿಮಾಡುತ್ತ ಹೇಳಿದಳು, "ನನಗೆ ಇದು ಯಾಕೆ ವದಿನಾ? ಅಣ್ಣಯ್ಯ ಒಂದ್ಸಲ ಬಂದು, ಭವಾನಿ ಹಬ್ಬಕ್ಕೆ ಮನೆಗೆ ಬಾ ಅಂದ್ರೆ ಸಾಕು, ಅವತ್ತೇ ಲಾರಿ ಮಾಡಿ ನಾನೇ ಕಳಿಸ್ತೀನಿ. ನಾನ್ನ ಹೊಸಿಲು ತುಳಿದು ಸಾಯ್ಬೇಕು ಅಂತ ಆಸೆ, ಅಷ್ಟೇ."

"ನೀನೇ ಬಾರೆ. ನಾನಿಲ್ವಾ?"

ಅವಳು ನಕ್ಕು ಕಾಫಿಗೆ ಇಟ್ಟಳು. ಹೆಣ್ಣು ಕರೆಯದೆ ತವರಿಗೆ ಹೋಗಬಾರದಂತೆ. ಇಂಥ ಬಿಗುಮಾನಕ್ಕೆ ಏನು ಹೇಳಲಿ. ಅಣ್ಣ ತಂಗಿ ಇಬ್ಬರೂ ಒಂದೇ ಅಚ್ಚು, ಒಬ್ಬರದು ಬಾಯಲ್ಲಿ, ಒಬ್ಬರದು ಹೊಟ್ಟೆಯಲ್ಲಿ. ಆದರೆ ಅವಳ ಕಣ್ಣು ಮತ್ತೆ ಮತ್ತೆ ಗೇಟಿನ ಕಡೆ ಹೋಗುತ್ತಿದ್ದುದನ್ನು ನೋಡಿ ನನ್ನ ಸಿಟ್ಟು ಅಲ್ಲೇ ಇಳಿಯಿತು.

ವಾಪಸು ರೈಲಿನಲ್ಲಿ ಇವರಿಗೆ ಎಲ್ಲವನ್ನೂ ಹೇಳಿದೆ. ದುರ್ಗಮ್ಮನ ಬೆಟ್ಟಕ್ಕೆ ಹೋಗಲಿಲ್ಲ ಎಂದೂ ಹೇಳಿದೆ. "ಹಬ್ಬಕ್ಕೆ ಮನೆಗೆ ಬಾ ಅನ್ನಿ. ಮೂರೇ ಮಾತು. ನಿಮ್ಮ ಇಂಜಿನ್ ನಿಮ್ಮ ಮನೆ ಬಾಗಿಲಿಗೆ ಬರುತ್ತೆ."

"ನೋಡೋಣ" ಎಂದರು. ಕೈಯಲ್ಲಿ ಆ ದಿನ ಆರಿಸಿದ ಒಂದು ವಾಷರ್ ಇತ್ತು. ಬ್ಲಾಕ್ ಒಪ್ಪಿಗೆಯಾಗದೆ ವಾಷರ್ ತಂದಿದ್ದರು.

ಮುಂದೆ ನಡೆದದ್ದಕ್ಕೆ ಸಂಘದ ಕಾರ್ಯದರ್ಶಿಯನ್ನು ದೂರಬೇಕೋ ಹೊಗಳಬೇಕೋ ತಿಳಿಯದು. ಅವರು ಮನೆಗೆ ಬಂದು ಕಾರಿನ ಮೈ ನೋಡಿ ಸಂತೋಷಪಟ್ಟು, ಹೊರಡುವಾಗ ಒಂದು ಮಾತು ಹೇಳಿದರು. ಇಂಜಿನ್ನಿನ ಮೇಲೆ ಕೊರೆದ ನಂಬರು ಕಾರಿನ ಜೊತೆ ಹುಟ್ಟಿದ್ದೇ ಆಗಿದ್ದರೆ ಹಳೆಯ ಕಾರುಗಳ ಸಾಲು, ಮುಂದಿನ ಸಾಲು. ಬೇರೆ ಬ್ಲಾಕ್ ಹಾಕಿದ್ದರೆ ಮಾರ್ಪಾಡು ಮಾಡಿದ ವಾಹನಗಳ ಸಾಲು. ಆ ಸಾಲಿನಲ್ಲಿ ದೊಡ್ಡ ಚಕ್ರ ಹಾಕಿದ ಜೀಪುಗಳು, ಹಾಡು ಹಾಕಿಕೊಂಡು ಬರುವ ವ್ಯಾನುಗಳು. ಇವರು ಅವತ್ತು ಊಟ ಬಿಟ್ಟರು.

ಗೌರಿ ಹಬ್ಬ ಹತ್ತಿರ ಬಂತು. ಒಂದು ಬೆಳಿಗ್ಗೆ ಇವರೇ, "ನಡಿ, ಭವಾನಿಗೆ ಸೀರೆ ತರೋಣ" ಎಂದರು. ನಾನು ನಂಬಲಿಲ್ಲ. ವಿಶಾಖಪಟ್ಟಣದ ಅಂಗಡಿಯಲ್ಲಿ ಗುಡ್ಡೆ ಹಾಕಿಸಿ, ಸೆರಗು ಬಿಡಿಸಿ, ಅಂಚು ಉಜ್ಜಿ, ಅಂಗಡಿಯವರ ಗೋಳು ಹೊಯ್ದುಕೊಂಡು ಕೊನೆಗೆ ಮಾವಿನ ಚಿಗುರಿನ ಬಣ್ಣದ ಧರ್ಮವರಂ ಸೀರೆ ಒಂದನ್ನು ಆರಿಸಿದರು. ನಿಜ ಹೇಳಬೇಕೆಂದರೆ ಚೆನ್ನಾಗಿ ಆರಿಸಿದ್ದರು. ಅವಳ ಮೈಬಣ್ಣಕ್ಕೆ ಹೇಳಿ ಮಾಡಿಸಿದ ಸೀರೆ. ಈ ಮನುಷ್ಯನಿಗೆ ತಂಗಿಯ ಮುಖ ನೆನಪಿದೆಯಲ್ಲ ಎಂದುಕೊಂಡೆ. ಮೊರ ತಂದು ಅರಿಶಿನ ಬಳಿದೆ, ಬಾಗಿನ ಜೋಡಿಸಿದೆ. ರೈಲಿನಲ್ಲಿ ಮತ್ತೆ ಕಿವಿಯಲ್ಲಿ ಹೇಳಿದೆ, "ಮನೆಗೆ ಬಾ ಅನ್ನೋದು ಮರೀಬೇಡಿ. ಇಂಜಿನ್ ಸುದ್ದಿ ನೀವು ಎತ್ತಲೇಬೇಡಿ."

"ಅದೆಲ್ಲ ನನಗೆ ಗೊತ್ತು" ಎಂದರು.

ಭವಾನಿ ಬಾಗಿಲಲ್ಲೇ ಕೂತಿದ್ದಳು, ತಲೆಗೂದಲು ಇನ್ನೂ ಒದ್ದೆ. ಅಣ್ಣ ಮೊರ ಹಿಡಿದು ಗೇಟು ದಾಟುವುದನ್ನು ಕಂಡು ಎದ್ದವಳು ಎದ್ದ ಹಾಗೇ ನಿಂತುಬಿಟ್ಟಳು. ಆಮೇಲೆ ಕಾಲು ತೊಳೆಯಲು ನೀರು ತಂದಳು. ಗಂಡ ಡ್ಯೂಟಿಗೆ ಹೋಗಿದ್ದರು, ಅವರಿಗೆ ಫೋನ್ ಮಾಡಿ, "ಮಾ ಅನ್ನಯ್ಯ ವಚ್ಚಾಡಂಡಿ", ನಮ್ಮಣ್ಣ ಬಂದಿದ್ದಾನೆ ಎಂದು ಹೇಳುವಾಗ ಅತ್ತೇಬಿಟ್ಟಳು. ಹೋಳಿಗೆ ಮಾಡಿದ್ದಳು. ಯಾರಿಗೆಂದು ಮಾಡಿದ್ದಳೋ, ಪ್ರತಿ ವರ್ಷ ಮಾಡುತ್ತಿದ್ದಳೋ ಏನೋ, ಕೇಳುವ ಧೈರ್ಯ ಆಗಲಿಲ್ಲ. ಇವರು ಹೊಟ್ಟೆ ತುಂಬ ಉಂಡರು. ಉಣ್ಣುವಾಗ ಕಣ್ಣು ಮೆಟ್ಟಿಲ ಕೆಳಗಿತ್ತು.

ಬಾಗಿನ ಇನ್ನೂ ಕೊಟ್ಟಿರಲಿಲ್ಲ. ಮಣೆ ಹಾಕಿ, ಅವಳು ಸೆರಗು ಹೊದ್ದು ಕೂರಬೇಕು ಎನ್ನುವಾಗ ಗೇಟಿನ ಹತ್ತಿರ ಒಬ್ಬ ಮನುಷ್ಯ ಬಂದು ಕೂಗಿದ. "ಸಾರ್, ಇಂಕಾ ಎಂತಸೇಪು? ಬಾಡಿಗೆ ಏರುತ್ತೆ ಸಾರ್." ಇನ್ನೂ ಎಷ್ಟು ಹೊತ್ತು ಎಂದು ಅವನ ಅವಸರ. ಅವನ ಹಿಂದೆ ಖಾಲಿ ಟ್ರಾಲಿ ಆಟೋ, ಅದರಲ್ಲಿ ಹಗ್ಗ, ಇಬ್ಬರು ಹಮಾಲರು. ಸೂರ್ಯಪ್ರಕಾಶನಿಗೆ ಹೇಳಿ ಇವರು ಮೊದಲೇ ಗೊತ್ತು ಮಾಡಿದ್ದರು. ನನಗೂ ಹೇಳಿರಲಿಲ್ಲ.

ಭವಾನಿ ಟ್ರಾಲಿ ನೋಡಿದಳು, ಮೊರ ನೋಡಿದಳು.

"ಅಣ್ಣಯ್ಯ, ಈ ಸೀರೆ ನನಗೆ ತಂದದ್ದಾ, ಇಂಜಿನ್ನಿಗೆ ತಂದದ್ದಾ?"

ಹೇಳಬಹುದಿತ್ತು. ನಿನಗೇ ತಂದದ್ದು ಎಂದು ಸುಳ್ಳಾದರೂ ಹೇಳಬಹುದಿತ್ತು. ಖರೀದಿ ವಿಭಾಗದ ಈ ಮಹಾನುಭಾವರು ಒಂದು ಕ್ಷಣ ಲೆಕ್ಕ ಹಾಕಿ, "ಎರಡಕ್ಕೂ ಅಂದ್ಕೋ" ಎಂದರು.

ಭವಾನಿ ಮಣೆಯಿಂದ ದೂರ ಸರಿದಳು. ದನಿ ಏರಿಸಲಿಲ್ಲ. "ಎರಡಕ್ಕೂ ಅನ್ನೋದು ಬೇಡ. ನನಗೆ ಅಂದ್ರೆ ಸೀರೆ ಕೊಟ್ಟು ಹೋಗು, ಇಂಜಿನ್ ಕೇಳ್ಬೇಡ. ಇಂಜಿನ್ನಿಗೆ ಅಂದ್ರೆ ಈಗ್ಲೇ ತಗೊಂಡು ಹೋಗು, ನಾನು ಅಡ್ಡ ಬರಲ್ಲ. ಆದರೆ ಸೀರೆ, ಬಾಗಿನ ಇಲ್ಲಿ ಬಿಡ್ಬೇಡ. ನೀನೇ ಹೇಳು."

ಅವಳು ಏನು ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು, ಗೋಡೆಗೂ ಗೊತ್ತಿತ್ತು. ಸೀರೆ ಕೊಟ್ಟು ಬರಿಗೈಯಲ್ಲಿ ಎದ್ದಿದ್ದರೆ ಮರುದಿನ ಲಾರಿಯಲ್ಲಿ ಇಂಜಿನ್ ಬಂದಿರುತ್ತಿತ್ತು, ಅದರ ಹಿಂದೆ ಅವಳೂ ಬಂದಿರುತ್ತಿದ್ದಳು. ನಾನು ಇವರ ಕಡೆ ಕಣ್ಣರಳಿಸಿ ನೋಡಿದೆ, ಕೆಮ್ಮಿದೆ, ಬೇಡ ಎನ್ನುವಂತೆ ತಲೆ ಆಡಿಸಿದೆ. ಇವರು ನನ್ನ ಕಡೆ ತಿರುಗಲಿಲ್ಲ. ಫ್ಯಾನಿಗೆ ಎರಡು ಬೇಸಿಗೆ, ವಾಷರ್‌ಗೆ ಒಂದು ಹಗಲು ಹಿಡಿಸಿದವರು, ಈ ಒಂದನ್ನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಆರಿಸಿದರು. ಬಗ್ಗಿ ಮೊರದಿಂದ ಸೀರೆ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, ಹಮಾಲರನ್ನು ಒಳಗೆ ಕರೆದರು.

ಭವಾನಿ ಮಾವನ ಪಂಚೆಯನ್ನು ಇಂಜಿನ್ನಿನ ಮೇಲಿಂದ ತೆಗೆದು ಮಡಿಸಿ ತನ್ನ ಹತ್ತಿರ ಇಟ್ಟುಕೊಂಡಳು. ಹಮಾಲರು ಹೊಸಿಲಿಗೆ ತಗುಲಿಸದ ಹಾಗೆ ನೋಡಿಕೊಂಡಳು. ನನಗೆ ಕುಂಕುಮ ಕೊಟ್ಟು, "ಹುಷಾರಾಗಿ ಹೋಗಿ ವದಿನಾ" ಎಂದಳು. ಅಣ್ಣನ ಮುಖ ನೋಡಲಿಲ್ಲ. ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ನಾಚಿಕೆಗೆ ಕೈ ಮುಂದಕ್ಕೆ ಬರಲಿಲ್ಲ.

ಇಂಜಿನ್ ಟ್ರಾಲಿಯಲ್ಲಿ ಲಾರಿ ಆಫೀಸಿಗೆ ಹೋಯಿತು. ಬಾಗಿನದ ಮೊರ ತೊಡೆಯ ಮೇಲಿಟ್ಟುಕೊಂಡು ನಾನು ರೈಲಿನಲ್ಲಿ ಕೂತೆ. ಎದುರಿಗೆ ಕೂತ ಹೆಂಗಸು ಮೊರ ನೋಡಿ, "ಪುಟ್ಟಿಂಟಿ ನುಂಚಾ ಅಮ್ಮಾ?" ಎಂದು ಕೇಳಿದಳು, ತವರಿನಿಂದ ಬರುತ್ತಿದ್ದೀರಾ ಎಂದು. ಇವರು ಆ ಹೊತ್ತಿಗೆ ನಿದ್ದೆ ಹೋಗಿದ್ದರು, ಬಾಯಿ ತೆರೆದುಕೊಂಡು.

ಪೆಂಡುರ್ತಿಯಲ್ಲಿ ರಾಮ್‌ಪ್ರಸಾದ್ ಇಂಜಿನ್ ಬಿಚ್ಚಿದ. ಎಳ್ಳೆಣ್ಣೆ ಒಣಗಿ ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. "ನನ್ನ ತಂಗಿ ಇಂಜಿನ್ನಿಗೆ ಒಗ್ಗರಣೆ ಹಾಕಿದ್ದಾಳೆ" ಎಂದು ಇವರು ಬಂದವರಿಗೆಲ್ಲ ಹೇಳಿ ನಕ್ಕರು. ಕಾಯಿಸಿ, ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಸುತ್ತಿಗೆಯಿಂದ ಬಡಿದು ಬಿಡಿಸಿದರು. ಜಿಡ್ಡು ತೊಳೆದು ನೋಡಿದರೆ ಒಳಗೆ ಒಂದು ಚುಕ್ಕೆ ತುಕ್ಕಿಲ್ಲ, ನದಿಯ ತೇವ ಅದನ್ನು ಮುಟ್ಟಿರಲಿಲ್ಲ. ಅದರೊಳಗೆ ಮಾವ ಹಾಕಿಸಿದ್ದ ಪಿಸ್ಟನ್ನುಗಳು, ಆಟೋನಗರದ್ದೇ, ಅಂಬಾಸಿಡರ್‌ನವೇ, ಹೊಸದರ ಹಾಗೆ ಇದ್ದವು. "ಇವೇ ಇರ್ಲಿ ಸಾರ್" ಎಂದ ರಾಮ್‌ಪ್ರಸಾದ್. ಮೊದಲ ಸಲ ಅವನ ಬಾಯಲ್ಲಿ ಬೇರೆ ಮಾತು ಬಂತು. ಇಂಗ್ಲೆಂಡಿನ ಡಬ್ಬಿಗಳು ನಮ್ಮ ಮಂಚದ ಕೆಳಗೆ ಇವೆ. ಕಸ ಗುಡಿಸುವಾಗ ಪೊರಕೆಗೆ ತಾಕುತ್ತವೆ.

ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ಇವರು ತಲೆಗೆ ಟೋಪಿ, ಕೊರಳಿಗೆ ರೇಷ್ಮೆ ಕರವಸ್ತ್ರ ಕಟ್ಟಿಕೊಂಡು ಕನ್ನಡಿ ಮುಂದೆ ನಿಂತಿದ್ದರು. ವಾಂತಿ ಮಾತ್ರೆ ನುಂಗಿದ್ದರು. "ಬೇಗ ರೆಡಿ ಆಗು, ಪಕ್ಕದ ಸೀಟು ಖಾಲಿ ಇದ್ರೆ ಚೆನ್ನಾಗಿರಲ್ಲ. ಆ ಧರ್ಮವರಂ ಸೀರೆ ಉಟ್ಕೋ, ಸುಮ್ನೆ ಬೀರುವಿನಲ್ಲಿ ಬಿದ್ದಿದೆ."

"ಏನ್ರೀ, ಅದು ಭವಾನಿ ಸೀರೆ."

"ಅವಳು ಬೇಡ ಅಂದ್ಳಲ್ಲ" ಎಂದರು, ಟೋಪಿ ಸರಿಮಾಡಿಕೊಳ್ಳುತ್ತ.

ನಾಟಕವಲ್ಲ, ಇವರು ಹಾಗೆಯೇ ನಂಬಿದ್ದಾರೆ. ಊರಿನಲ್ಲೂ ಹಾಗೆಯೇ ಹೇಳಿಕೊಂಡು ತಿರುಗಿದ್ದಾರೆ, ತಂಗಿ ಇಂಜಿನ್ ಪ್ರೀತಿಯಿಂದ ಕೊಟ್ಟಳು, ಬಿಗುಮಾನಕ್ಕೆ ಸೀರೆ ಮಾತ್ರ ಮುಟ್ಟಲಿಲ್ಲ ಅಂತ. ಅವತ್ತು ಅಲ್ಲಿ ತಾವೊಂದು ಆರಿಸಿದೆವು ಎನ್ನುವುದೇ ಈ ಮನುಷ್ಯನ ತಲೆಗೆ ಹೋಗಿಲ್ಲ. ಇಂಥವರ ಜೊತೆ ಜಗಳ ಆಡಿ ಏನು ಪ್ರಯೋಜನ. "ನಾನು ಬರಲ್ಲ" ಎಂದೆ. ತಡವಾಗುತ್ತಿತ್ತು, ಒಬ್ಬರೇ ಹೋದರು.

ಮನೆ ಖಾಲಿಯಾದ ಮೇಲೆ ಭವಾನಿಗೆ ಫೋನ್ ಮಾಡಿದೆ. ಹೇಗಿದ್ದೀಯ ಎಂದು ಕೇಳಲಿಲ್ಲ. "ಸಂಕ್ರಾಂತಿಗೆ ಬಾ. ನಾನು ಕರೀತಿದ್ದೀನಿ. ಇದು ನನ್ನ ಮನೆ, ಇಷ್ಟು ವರ್ಷ ಇಲ್ಲಿ ಬೇಯಿಸಿ ಹಾಕಿದ್ದೀನಿ. ನಾನು ಕರೆದ್ರೆ ಬರಬಾರ್ದಾ?"

ಅವಳು ಮೆತ್ತಗೆ ಹೇಳಿದಳು, "ನೀವು ಹೊರಗಿಂದ ಬಂದೋರು ವದಿನಾ. ಬೇಜಾರು ಮಾಡ್ಕೋಬೇಡಿ. ತವರಿಗೆ ಕರೆಯೋದು ತವರಿನೋರೇ ಕರೀಬೇಕು."

ಬೇಜಾರು ಆಯಿತು. ಸುಳ್ಳು ಯಾಕೆ ಹೇಳಲಿ, ಕೆನ್ನೆಗೆ ಹೊಡೆದ ಹಾಗಾಯಿತು. ಫೋನ್ ಹಿಡಿದು ಹಾಗೆಯೇ ಜಗುಲಿಯಲ್ಲಿ ಕೂತೆ, ಇಬ್ಬರಿಗೂ ಇಡುವ ಮನಸ್ಸಿಲ್ಲ. ಅಷ್ಟರಲ್ಲಿ ಬೀದಿಯ ತಿರುವಿನಿಂದ ಕಾರು ಬಂತು. ಗೇಟಿನ ಹೊರಗೆ ನಿಂತು ಗುಡುಗುಡು ಎನ್ನುತ್ತಿತ್ತು. ಕೈಯಲ್ಲಿ ಎಂಥದೋ ಬಹುಮಾನದ ಕಪ್ಪು ಹಿಡಿದುಕೊಂಡು ಇವರು, ಇಳಿಯಲು ಮನಸ್ಸಿಲ್ಲದ ಮುಖದಲ್ಲಿ, ನಾನು ಬಂದು ಗೇಟು ತೆಗೆಯಲೆಂದು ಹಾರ್ನ್ ಹೊಡೆದರು.

"ಅದೇನಾ ವದಿನಾ?" ಎಂದಳು ಭವಾನಿ.

"ಅದೇ."

ಇವರು ಮತ್ತೆ ಹಾರ್ನ್ ಹೊಡೆದರು. ನಾನು ಎದ್ದೆ.

"ಗೇಟು ತೆಗೀಬೇಡಿ ವದಿನಾ" ಎಂದಳು ಅವಳು. "ಸ್ವಲ್ಪ ಹೊತ್ತು ಹಾಗೇ ಇರ್ಲಿ."

ನಾನು ಫೋನನ್ನು ಗೇಟಿನ ಕಡೆ ಹಿಡಿದುಕೊಂಡು ನಿಂತೆ. ಇವರು ಹೊರಗಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದರು.